ಮೇಲೆ ಕೆಂಪಗೆ, ಕೆಳಗೆ ಹಸಿ ಹಿಟ್ಟು: ಪೀಚ್ ಕಾಬ್ಲರ್ ಯಾಕೆ ಹೀಗಾಗ್ತಿದೆ?

ಇಬ್ಬನಿ (ಶನಿವಾರ, ರಾತ್ರಿ 9:12)

ಎಲ್ಲರಿಗೂ ನಮಸ್ಕಾರ. ಇವತ್ತಿಗೆ ಮೂರನೇ ಸಲ ಪೀಚ್ ಕಾಬ್ಲರ್ (ಹಣ್ಣಿನ ಜೊತೆ ಉಬ್ಬೋ ಹಿಟ್ಟು ಹಾಕಿ ಓವನ್‌ನಲ್ಲಿ ಬೇಯಿಸೋ ಸಿಹಿ) ಕೆಟ್ಟಿತು. ಮೇಲಿಂದ ನೋಡಿದ್ರೆ ಏನೂ ಕುಂದಿಲ್ಲ. ಹೊಂಬಣ್ಣ ಬಂದಿದೆ, ಅಂಚಲ್ಲಿ ಬೆಣ್ಣೆ ಚಟಪಟ ಅಂತಿದೆ, ಮನೆಯೆಲ್ಲ ಘಮ. ಚಮಚ ಹಾಕಿ ಎತ್ತಿದ್ರೆ ಕೆಳಗೆ ಬಿಳಿ ಹಿಟ್ಟು ಅಂಟಂಟಾಗಿ ಹಾಗೇ ಕೂತಿದೆ, ಹಸಿ ಮೈದಾ ವಾಸನೆ. ತೆಗೆದ ಗುಂಡಿಯೊಳಕ್ಕೆ ಸುತ್ತಲಿಂದ ರಸ ನೀರಿನ ಹಾಗೆ ಹರ್ಕೊಂಡು ಬಂದು ತುಂಬ್ಕೊಂಡ್ತು.

ನಮ್ಮ ಅತ್ತೆಗೆ ಹಲ್ಲು ತೆಗೆಸಿದ್ದಾರೆ, ಗಟ್ಟಿ ಏನೂ ಅಗಿಯೋಕಾಗಲ್ಲ. ಮೆತ್ತಗಿರೋ ಸಿಹಿ ಏನಾದ್ರೂ ಮಾಡೋಣ ಅಂತಲೇ ಇದಕ್ಕೆ ಕೈ ಹಾಕಿದ್ದು. ನನಗೆ ಬೇಜಾರಾಗಬಾರದು ಅಂತ ಅವರು ಹಿಟ್ಟನ್ನ ಪಕ್ಕಕ್ಕೆ ಸರಿಸಿ ಹಣ್ಣಿನ ಹೋಳಷ್ಟೇ ತಿಂದು "ಚೆನ್ನಾಗಿದೆ ಕಣಮ್ಮ" ಅಂದ್ರು. ಅದನ್ನ ಕೇಳಿ ಇನ್ನೂ ಸಂಕಟ ಆಯ್ತು.

ಅಳತೆ: ಮೈದಾ 1 ಕಪ್, ಸಕ್ಕರೆ 1 ಕಪ್, ಹಾಲು 1 ಕಪ್, ಬೇಕಿಂಗ್ ಪೌಡರ್ 2 ಟೀ ಚಮಚ, ಉಪ್ಪು ಅರ್ಧ ಟೀ ಚಮಚ, ಬೆಣ್ಣೆ 110 ಗ್ರಾಂ. ಬೆಣ್ಣೆ ಟ್ರೇಯಲ್ಲೇ ಕರಗಿಸಿ, ಮೇಲೆ ಹಿಟ್ಟು ಸುರಿದು, ಅದರ ಮೇಲೆ ಹಣ್ಣು. 180 ಡಿಗ್ರಿ ಸೆಲ್ಸಿಯಸ್, 35 ನಿಮಿಷ. ತಪ್ಪು ಓವನ್‌ದಾ, ನನ್ನದಾ?

ಕಡೆಗೋಲು (9:20)

ಹಣ್ಣು ಎಷ್ಟು ಹಾಕಿದ್ರಿ? ಟ್ರೇ ಎಷ್ಟು ದೊಡ್ಡದು? ಅದೆರಡೂ ಗೊತ್ತಾಗದೆ ಇಲ್ಲಿ ಯಾರು ಏನು ಹೇಳಿದ್ರೂ ಕತ್ತಲಲ್ಲಿ ಕಲ್ಲು ಹೊಡೆದ ಹಾಗೆ.

ಸೌಟು (9:26)

35 ನಿಮಿಷ ಸಾಲದು ರೀ. ಇಂಥ ಕಾಬ್ಲರ್‌ನ ನಾನು 50 ನಿಮಿಷಕ್ಕೆ ಮುಂಚೆ ಯಾವತ್ತೂ ಹೊರಗೆ ತೆಗೆದಿಲ್ಲ. ಮೇಲೆ ಬಣ್ಣ ಬಂತು ಅಂತ ನೀವು ತೆಗೆದುಬಿಟ್ಟಿದ್ದೀರಿ. ಸಕ್ಕರೆ ಜಾಸ್ತಿ ಇರೋ ಹಿಟ್ಟು ಬೇಗ ಕೆಂಪಾಗುತ್ತೆ. ಬಣ್ಣಕ್ಕೂ ಬೇಯೋದಕ್ಕೂ ಸಂಬಂಧವೇ ಇಲ್ಲ.

ರಾತ್ರಿಪಾಳಿ (9:41)

ಹಿಟ್ಟು ಸುರಿಯೋ ಕಾಬ್ಲರ್ ಮಾಡೋದೇ ತಪ್ಪು. ಹಣ್ಣು ಕೆಳಗೆ, ಬಿಸ್ಕೆಟ್ ಹಿಟ್ಟು (ನಮ್ಮ ಚಹಾ ಬಿಸ್ಕೆಟ್ ಅಲ್ಲ, ಅಮೆರಿಕದವರ ಮೆತ್ತನೆ ಬನ್ನಿನಂಥದ್ದು) ಮೇಲೆ, ಅದೇ ಸರಿ. ಹಿಟ್ಟು ಹಣ್ಣಿನಡಿ ಮುಳುಗಿದ್ರೆ ಬೇಯೋದು ಎಲ್ಲಿಂದ?

ಇಬ್ಬನಿ (9:48)

ಕಡೆಗೋಲು ಅವರೇ, ಟ್ರೇ 20 ಸೆಂಟಿಮೀಟರ್ ಚೌಕ, ಗಾಜಿನದು, ಸ್ವಲ್ಪ ಆಳ ಇದೆ. ಹಣ್ಣು 7, ಒಳ್ಳೇ ದಪ್ಪ ದಪ್ಪ. ಹೆಚ್ಚಿದ ಮೇಲೆ ತೂಗಲಿಲ್ಲ, ಒಂದು ಕೆಜಿ ಹತ್ತಿರ ಇರಬೇಕು. ಪಾಕವಿಧಾನದಲ್ಲಿ 2 ಕಪ್ ಅಂತಿತ್ತು. ಮನೇಲಿ ಎಲ್ಲರಿಗೂ ಹಣ್ಣು ಇಷ್ಟ ಅಂತ ಜಾಸ್ತಿ ಹಾಕಿದೆ.

ಕಡೆಗೋಲು (9:50)

ಸಿಕ್ತು.

ಅಳತೆಪಟ್ಟಿ (10:15)

ಇಬ್ಬನಿ ಅವರೇ, ನಿಮ್ಮ ಓವನ್‌ದು ಏನೂ ತಪ್ಪಿಲ್ಲ. ಈ ಬಗೆಯ ಕಾಬ್ಲರ್ ಹೇಗೆ ಕೆಲಸ ಮಾಡುತ್ತೆ ಅನ್ನೋದು ತಿಳಿದ್ರೆ ಎಲ್ಲಿ ಎಡವಿದ್ರಿ ಅಂತ ನಿಮಗೇ ಗೊತ್ತಾಗುತ್ತೆ.

ತಳದಲ್ಲಿ ಕಾದ ಬೆಣ್ಣೆ ಇರುತ್ತೆ. ಅದರ ಮೇಲೆ ತೆಳ್ಳಗಿನ ಹಿಟ್ಟು. ಅದರ ಮೇಲೆ ಅಲ್ಲಲ್ಲಿ ಹಣ್ಣು. ಬಿಸಿ ತಾಗಿದ ಕೂಡಲೇ ಬೇಕಿಂಗ್ ಪೌಡರ್ ಗಾಳಿ ಬಿಡುತ್ತೆ, ಹಿಟ್ಟು ಉಬ್ಬಿ ಹಣ್ಣಿನ ಹೋಳುಗಳ ಸಂದಿಯಿಂದ ಮೇಲಕ್ಕೆ ಬರುತ್ತೆ, ಹೋಳುಗಳು ಕೆಳಕ್ಕೆ ಇಳಿಯುತ್ತವೆ. ಕೆಳಗಿದ್ದ ಹಿಟ್ಟು ಮೇಲಿನ ಹೊದಿಕೆ ಆಗೋದು ಹೀಗೆ. ಅದಕ್ಕೆ ಸಂದಿ ಬೇಕು. ನೀವು 2 ಕಪ್ ಜಾಗದಲ್ಲಿ 6 ಕಪ್ ಹಾಕಿದ್ದೀರಿ. ಹಿಟ್ಟಿನ ಮೇಲೆ ಮುಚ್ಚಳ ಹಾಕಿ ಭಾರ ಹೇರಿದ ಹಾಗಾಯ್ತು. ಎಲ್ಲೋ ಅಂಚಿನಿಂದ ನುಸುಳಿ ಮೇಲೆ ಬಂದಷ್ಟು ಹಿಟ್ಟು ಕೆಂಪಾಯ್ತು, ಮಿಕ್ಕಿದ್ದು ಹಣ್ಣಿನಡಿ ರಸದಲ್ಲಿ ಕೂತ್ಕೊಂಡ್ತು.

ಪೀಚ್ ಹಣ್ಣಿನ ತೂಕದಲ್ಲಿ ಹೆಚ್ಚುಕಮ್ಮಿ ಶೇ 89 ನೀರೇ. ಒಂದು ಕೆಜಿ ಹೋಳು ಅಂದ್ರೆ ಮುಕ್ಕಾಲು ಲೀಟರ್‌ಗಿಂತ ಜಾಸ್ತಿ ನೀರು. ಒಂದು ಕಪ್ ಮೈದಾ ಅದನ್ನೆಲ್ಲ ಹೇಗೆ ಹೀರುತ್ತೆ ಹೇಳಿ.

ನಿಮ್ಮ ಅಳತೆಗೆ 20 ಸೆಂ.ಮೀ. ಟ್ರೇಯಲ್ಲಿ 2 ಕಪ್ ಹೋಳು ಸಾಕು. 4 ಕಪ್ ಹಾಕಲೇಬೇಕು ಅಂದ್ರೆ ಇದೇ ಹಿಟ್ಟನ್ನ 23x33 ಸೆಂ.ಮೀ. ಟ್ರೇಗೆ ಸುರೀರಿ. ಪದರ ತೆಳುವಾಗುತ್ತೆ, ಎಲ್ಲ ಕಡೆ ಬೇಯುತ್ತೆ.

ಸೌಟು (10:22)

ಅಂದ್ರೂ 35 ನಿಮಿಷ ಕಮ್ಮಿನೇ.

ಅಳತೆಪಟ್ಟಿ (10:24)

ಕಮ್ಮಿನೇ, ಒಪ್ತೀನಿ. ಆದ್ರೆ ಆ ಟ್ರೇನ ಒಂದು ಗಂಟೆ ಇಟ್ಟಿದ್ರೂ ಮೇಲೆ ಕರಕಲಾಗಿ ಮಧ್ಯೆ ಹಸಿ ಉಳೀತಿತ್ತು. ಹೊತ್ತು ಎರಡನೇ ಮಾತು, ಅಳತೆ ಮೊದಲನೇ ಮಾತು.

ಬಯಲುಗಾಳಿ (10:40)

ಅಕ್ಕಾರ, ನಾ ಬ್ಯಾರೆ ಹೇಳ್ತೀನಿ ಕೇಳ್ರಿ. ಹಣ್ಣು ಕಮ್ಮಿ ಮಾಡೂದು ಬ್ಯಾಡ. ಹಣ್ಣಿಲ್ಲದ ಕಾಬ್ಲರ್ ತಿಂದು ಏನ್ ಮಾಡೂದೈತಿ? ರಸ ಕಮ್ಮಿ ಮಾಡ್ರಿ. ಹೋಳಿಗೆ ಸಕ್ಕರಿ ಹಚ್ಚಿ ಅರ್ಧ ತಾಸು ತೂತಿನ ಬುಟ್ಟ್ಯಾಗ ಇಡ್ರಿ, ಕೆಳಗೊಂದು ಪಾತೇಲಿ ಇಡ್ರಿ. ಎಷ್ಟು ರಸ ಇಳೀತದ ನೋಡಿದ್ರ ನೀವ ಹೌಹಾರ್ತೀರಿ. ನಾ ಒಮ್ಮೆ ಅಳದು ನೋಡೀನಿ, ಒಂದು ಕೆಜಿ ಹಣ್ಣಿಗೆ ಒಂದು ಕಪ್ ಮ್ಯಾಲೆ ಬಂದಿತ್ತು. ಆ ರಸಾನ ಸಣ್ಣ ಉರಿ ಮ್ಯಾಲೆ ಕುದಿಸಿ ಕಾಲು ಕಪ್ಪಿಗೆ ಇಳಿಸಿ, ಜೇನುತುಪ್ಪದ ಹಂಗ ಆದ ಮ್ಯಾಲೆ ವಾಪಸ್ ಹಣ್ಣಿಗೆ ಹಾಕ್ರಿ. ರುಚಿ ಎಲ್ಲೂ ಹೋಗೂದಿಲ್ಲ, ನೀರಷ್ಟ ಹೋಗ್ತೈತಿ.

ರಾತ್ರಿಪಾಳಿ (10:44)

ಇದಕ್ಕೆ ನನ್ನ ಪೂರ್ತಿ ಒಪ್ಪಿಗೆ. ಆದ್ರೆ ಅಷ್ಟು ಹಣ್ಣು ಬೇಕಾದವರು ಬಿಸ್ಕೆಟ್ ಬಗೆಗೆ ಬರಲೇಬೇಕು. ಸುಮ್ನೆ ಯಾಕೆ ಸುತ್ತಿ ಬಳಸಿ ಮಾತು.

ಹಳೇಟ್ರೇ (11:05)

ಒಂದು ಎಚ್ಚರಿಕೆ, ಯಾರೂ ಹೇಳಲಿಲ್ಲ. ಬೆಣ್ಣೆ ಕರಗಿಸೋಕೆ ಗಾಜಿನ ಟ್ರೇನ ಓವನ್‌ನಲ್ಲಿ ಕಾಯಿಸಿ, ಅದಕ್ಕೆ ಫ್ರಿಜ್‌ನಿಂದ ತೆಗೆದ ಹಾಲಿನ ಹಿಟ್ಟು ಸುರಿಯಬೇಡಿ. ನನ್ನ ಟ್ರೇ ಹಾಗೇ ಒಡೆದದ್ದು. ಟಪ್ ಅಂತ ಒಂದೇ ಸದ್ದು, ಬೆಣ್ಣೆ ಹಿಟ್ಟು ಎಲ್ಲ ಓವನ್ ಬಾಗಿಲ ಮೇಲೆ. ಗಾಜಿನ ಚೂರು ಎಲ್ಲಿ ಬಿದ್ದಿದೆಯೋ ಅಂತ ಎರಡು ದಿನ ಮಕ್ಕಳನ್ನ ಅಡುಗೆಮನೆಗೆ ಬಿಡಲಿಲ್ಲ. ಹಾಲು ಹೊರಗಿಟ್ಟು ತಣ್ಣಗಿರೋದು ಹೋದ ಮೇಲೆ ಕಲಸಿ, ಇಲ್ಲಾ ಬೆಣ್ಣೆನ ಬೇರೆ ಪಾತ್ರೆಯಲ್ಲಿ ಕರಗಿಸಿ ಟ್ರೇಗೆ ಸುರೀರಿ.

ಇನ್ನೊಂದು, ಬರೀ ಅಲ್ಯೂಮಿನಿಯಂ ಟ್ರೇ ಬೇಡ. ಪೀಚ್ ಹುಳಿ ಹಣ್ಣು, ನಿಂಬೆರಸ ಬೇರೆ ಹಾಕ್ತೀವಿ, ಲೋಹದ ರುಚಿ ಹತ್ತುತ್ತೆ. ಗಾಜು, ಪಿಂಗಾಣಿ, ಇಲ್ಲಾ ಚೆನ್ನಾಗಿ ಪಳಗಿದ ಕಬ್ಬಿಣದ ಬಾಣಲೆ.

ಇಬ್ಬನಿ (11:10)

ಅಯ್ಯೋ, ನಾನು ಮೂರು ಸಲವೂ ಫ್ರಿಜ್ ಹಾಲೇ ಹಾಕಿದ್ದು! ಥ್ಯಾಂಕ್ಸ್ ಹಳೇಟ್ರೇ ಅವರೇ.

ನೇರಳೆ (ಭಾನುವಾರ, ಬೆಳಿಗ್ಗೆ 7:30)

ನಾನು ಇಲ್ಲಿ ಹೊಸಬಳು. ಕಾಬ್ಲರ್, ಕ್ರಂಬಲ್, ಕ್ರಿಸ್ಪ್ ಎಲ್ಲ ಒಂದೇ ಅಲ್ವಾ? ಇದಕ್ಕೆ ಮೊಟ್ಟೆ ಬೇಕಾ?

ಕಡೆಗೋಲು (7:52)

ಮೊಟ್ಟೆ ಬೇಡ. ಇಲ್ಲಿ ಹೇಳ್ತಿರೋ ಎರಡೂ ಬಗೆಗೆ ಮೊಟ್ಟೆ ಇಲ್ಲ.

ಎಲ್ಲ ಒಂದೇ ಅಲ್ಲ. ಕ್ರಂಬಲ್‌ಗೆ ಮೈದಾ, ಬೆಣ್ಣೆ, ಸಕ್ಕರೆ ಬೆರಳಲ್ಲಿ ಉಜ್ಜಿ ಪುಡಿಪುಡಿಯಾಗಿ ಉದುರಿಸೋದು. ಅದಕ್ಕೇ ಓಟ್ಸ್ ಸೇರಿ ಗರಿಗರಿ ಆದ್ರೆ ಸಾಮಾನ್ಯವಾಗಿ ಕ್ರಿಸ್ಪ್ ಅಂತಾರೆ. ಕಾಬ್ಲರ್‌ನಲ್ಲಿ ಮೇಲಿರೋದು ಉಬ್ಬೋ ಹಿಟ್ಟು, ಒಳಗೆ ಮೆತ್ತಗೆ ಬ್ರೆಡ್ಡಿನ ಥರ ಇರಬೇಕು. ಇದನ್ನೇ ಓವನ್‌ಗೆ ಇಡದೆ ಒಲೆ ಮೇಲೆ ಮುಚ್ಚಿ ಬೇಯಿಸಿದ್ರೆ ಸ್ಲಂಪ್, ಗ್ರಂಟ್ ಅಂತೆಲ್ಲ ಹೆಸರಿದೆ.

ಮೂರನೇಕಪ್ (8:20)

ಕಲ್ಲು ಹಾಸಿದ ಬೀದಿಯ ಹಾಗೆ ಉಬ್ಬುಬ್ಬಾಗಿ ಕಾಣುತ್ತಲ್ಲ, ಅದಕ್ಕೇ ಕಾಬ್ಲರ್ ಅಂತ ಹೆಸರು ಬಂದಿದ್ದು. ಹಾಗಾಗಿ ರಾತ್ರಿಪಾಳಿ ಹೇಳಿದ್ದೇ ಸರಿ. ಬಿಸ್ಕೆಟ್ ಉಂಡೆ ಉಂಡೆಯಾಗಿ ಇಟ್ಟಿದ್ದಷ್ಟೇ ಅಸಲಿ ಕಾಬ್ಲರ್.

ಅಳತೆಪಟ್ಟಿ (8:45)

ಅದು ಕೇಳೋಕೆ ಚೆಂದದ ಕಥೆ. ಆ ಪದದ ಮೂಲ ಖಚಿತವಿಲ್ಲ ಅಂತಲೇ ಇಂಗ್ಲಿಷ್ ನಿಘಂಟುಗಳು ಹೇಳ್ತವೆ.

ಅಸಲಿ ಯಾವುದು ಅಂತ ಜಗಳಕ್ಕೆ ನಿಂತ್ರೆ ಇಬ್ಬರೂ ಸೋಲ್ತೀರಿ. ಅಮೆರಿಕದ ಕೆಂಟಕಿಯ ಲೆಟಿಸ್ ಬ್ರಯನ್ ಅನ್ನೋರ ಅಡುಗೆ ಪುಸ್ತಕ 1839ರಲ್ಲಿ ಅಚ್ಚಾಯ್ತು. ಅದರಲ್ಲಿ ಪೀಚ್ ಪಾಟ್‌ಪೈ ಅಂತ ಹೇಳಿ, ಇದಕ್ಕೆ ಕಾಬ್ಲರ್ ಅಂತಲೂ ಅಂತಾರೆ ಅಂತ ಬರೆದಿದ್ದಾರೆ. ಅದು ಪೈ ಥರದ ಕಣಕದ್ದು. ಇಂಗ್ಲೆಂಡಿನಲ್ಲಿ ಆಲ್ಫ್ರೆಡ್ ಬರ್ಡ್ ಬೇಕಿಂಗ್ ಪೌಡರ್ ಮಾಡಿದ್ದೇ 1843ರಲ್ಲಿ. ಅಂದ್ಮೇಲೆ ಬೇಕಿಂಗ್ ಪೌಡರ್ ಹಾಕಿದ ಬಿಸ್ಕೆಟ್ಟೂ, ಬೇಕಿಂಗ್ ಪೌಡರ್ ಹಾಕಿ ಸುರಿಯೋ ಹಿಟ್ಟೂ ಎರಡೂ ಆಮೇಲಿನವೇ.

ರಾತ್ರಿಪಾಳಿ (9:02)

ಸರಿ, ಅಸಲಿ ಅನ್ನೋ ಮಾತು ಬಿಡ್ತೀನಿ. ರುಚಿ ಅನ್ನೋ ಮಾತು ಬಿಡಲ್ಲ. ನನ್ನ ಬಗೆ ಬರೀತೀನಿ, ಯಾರಿಗೆ ಬೇಕೋ ಮಾಡಿ ನೋಡಿ.

ಹೆಚ್ಚಿದ ಹಣ್ಣು 900 ಗ್ರಾಂ, ಸಕ್ಕರೆ 100 ಗ್ರಾಂ, ಕಾರ್ನ್‌ಫ್ಲೋರ್ ಒಂದೂವರೆ ಟೇಬಲ್ ಚಮಚ, ನಿಂಬೆರಸ ಒಂದು ಟೇಬಲ್ ಚಮಚ, ಒಂದು ಚಿಟಿಕೆ ಉಪ್ಪು. ಎಲ್ಲ ಕಲಸಿ ಟ್ರೇಗೆ ಹಾಕಿ, ಮೇಲೆ ಏನೂ ಇಡದೆ 200 ಡಿಗ್ರಿಯಲ್ಲಿ 15 ನಿಮಿಷ. ಈ ಹೆಜ್ಜೆ ತಪ್ಪಿಸಬೇಡಿ. ಹಣ್ಣು ಕುದಿಯೋಕೆ ಹತ್ತಿರ ಬಂದಿರಬೇಕು.

ಅಷ್ಟರಲ್ಲಿ ಮೈದಾ 150 ಗ್ರಾಂ, ಸಕ್ಕರೆ 40 ಗ್ರಾಂ, ಬೇಕಿಂಗ್ ಪೌಡರ್ ಒಂದೂವರೆ ಟೀ ಚಮಚ, ಉಪ್ಪು ಕಾಲು ಟೀ ಚಮಚ ಬೆರೆಸಿ, ಫ್ರಿಜ್‌ನ ತಣ್ಣನೆ ಬೆಣ್ಣೆ 75 ಗ್ರಾಂ ಚೂರು ಮಾಡಿ ಬೆರಳ ತುದಿಯಲ್ಲಿ ಉಜ್ಜಿ. ಪೂರ್ತಿ ನುಣ್ಣಗೆ ಬೇಡ, ಬಟಾಣಿ ಕಾಳಿನಷ್ಟು ಬೆಣ್ಣೆ ಅಲ್ಲಲ್ಲಿ ಉಳಿದಿರಲಿ. ತಣ್ಣನೆ ಗಟ್ಟಿ ಮಜ್ಜಿಗೆ 110 ಎಂಎಲ್ ಸುರಿದು ಚಮಚದಲ್ಲಿ ಹತ್ತು ಹನ್ನೆರಡು ಸಲ ತಿರುವಿ ನಿಲ್ಲಿಸಿ. ಒಣ ಹಿಟ್ಟು ಕಾಣ್ತಿದ್ರೂ ಪರವಾಗಿಲ್ಲ. ನಾದಿದ್ರೆ ಚರ್ಮದ ಹಾಗೆ ಆಗುತ್ತೆ.

ಬಿಸಿ ಹಣ್ಣಿನ ಮೇಲೆ ಚಮಚದಿಂದ ಉಂಡೆ ಉಂಡೆಯಾಗಿ ಬಿಡಿ, ನಡುವೆ ಸಂದಿ ಇರಲಿ. 190 ಡಿಗ್ರಿ, 25ರಿಂದ 30 ನಿಮಿಷ. ಹಣ್ಣು ಆಗಲೇ ಬಿಸಿ ಇರೋದ್ರಿಂದ ಉಂಡೆಯ ಕೆಳಭಾಗ ಬಿದ್ದ ಕೂಡಲೇ ಬೇಯೋಕೆ ಶುರು ಮಾಡುತ್ತೆ. ತಣ್ಣನೆ ಹಣ್ಣಿನ ಮೇಲೆ ಬಿಟ್ರೆ ಇಬ್ಬನಿಯವರ ಕಷ್ಟ ಇಲ್ಲೂ ತಪ್ಪಲ್ಲ.

ನೇರಳೆ (9:10)

ಮಜ್ಜಿಗೆ ಇಲ್ಲದಿದ್ರೆ?

ರಾತ್ರಿಪಾಳಿ (9:12)

ಹಾಲೇ ಹಾಕಿ. ಮಜ್ಜಿಗೆ ಹಾಕಿದ್ರೆ ಒಳಗೆ ಇನ್ನೂ ಮೆತ್ತಗೆ ಬರುತ್ತೆ, ಅಷ್ಟೇ.

ತೆಂಗಿನತೋಪು (9:45)

ಮಾರಾಯ್ರೆ, ನೀವು ಎಲ್ಲ ಹಿಟ್ಟಿನ ಬಗ್ಗೆಯೇ ಮಾತಾಡುದು. ಹಣ್ಣು ಹೇಗುಂಟು ಅಂತ ಯಾರೂ ಕೇಳುದಿಲ್ಲ. ಹಣ್ಣು ಸಪ್ಪೆ ಆದ್ರೆ ನೀವು ಹಿಟ್ಟಿನಲ್ಲಿ ಏನು ಮಾಡಿದ್ರೂ ಸಪ್ಪೆಯೇ.

ಕೆಂಪು ಬಣ್ಣ ನೋಡಿ ಪೀಚ್ ಆರಿಸುದು ದೊಡ್ಡ ತಪ್ಪು. ಆ ಕೆಂಪು ಜಾತಿಯದ್ದು, ಬಿಸಿಲಿನದ್ದು. ಹಣ್ಣಾದದ್ದಕ್ಕೂ ಅದಕ್ಕೂ ಸಂಬಂಧ ಇಲ್ಲ. ತೊಟ್ಟಿನ ಹತ್ತಿರ ಕೆಂಪಿನ ಅಡಿಯ ಬಣ್ಣ ನೋಡ್ಬೇಕು. ಹಸಿರು ಛಾಯೆ ಉಂಟಾದ್ರೆ ಬಿಡಿ, ಹಳದಿ ತಿರುಗಿದ್ರೆ ತಗೊಳ್ಳಿ. ಮೂಗಿಗೆ ಹಿಡಿದ್ರೆ ಪರಿಮಳ ಬರ್ಬೇಕು. ಗಟ್ಟಿ ಇದ್ರೆ ಕಾಗದದ ಚೀಲದಲ್ಲಿ ಹೊರಗೇ ಎರಡು ಮೂರು ದಿನ ಇಡಿ. ಕಾಯಿ ಇರುವಾಗ ಫ್ರಿಜ್‌ಗೆ ಮಾತ್ರ ಹಾಕ್ಬೇಡಿ. ಫ್ರಿಜ್‌ನ ತಣ್ಣಗಿಗೆ ಒಳಗೆ ಹಿಟ್ಟುಹಿಟ್ಟಾಗ್ತದೆ, ರಸವೇ ಇರುದಿಲ್ಲ, ಮತ್ತೆ ಹೊರಗಿಟ್ರೂ ಸರಿಯಾಗುದಿಲ್ಲ.

ಬಯಲುಗಾಳಿ (9:58)

ಇದು ಲಾಖ್ ರೂಪಾಯಿ ಮಾತು. ಭಾಳ ಮೆತ್ತಗಾದ ಹಣ್ಣೂ ಬ್ಯಾಡ್ರಿ, ಓವನ್ ಒಳಗ ಕರಗಿ ಗಂಜಿ ಆಗ್ತಾವ. ಹೆಬ್ಬಟ್ಟು ಒತ್ತಿದ್ರ ಸ್ವಲ್ಪ ತಗ್ಗಬೇಕು, ಹೊಕ್ಕಬಾರದು.

ಮೂರನೇಕಪ್ (10:10)

ಗೊರಟೆ ಬಿಡೋಕೇ ಬರ್ತಿಲ್ಲ ನನಗೆ. ಅರ್ಧ ತಿರುವಿದ್ರೆ ಹಣ್ಣೇ ಜಜ್ಜಿ ಹೋಗುತ್ತೆ.

ತೆಂಗಿನತೋಪು (10:18)

ನಿಮಗೆ ಸಿಕ್ಕಿದ್ದು ಗೊರಟೆಗೆ ಅಂಟಿಕೊಳ್ಳುವ ಜಾತಿ. ಅದರಲ್ಲಿ ತಿರುವುದು ಬೇಡ, ಗೊರಟೆಯ ಸುತ್ತ ಚಾಕುವಿನಿಂದ ಹೋಳು ಹೋಳಾಗಿಯೇ ಬಿಡಿಸಿ. ಡಬ್ಬಿಯಲ್ಲಿ ಬರುವುದು ಹೆಚ್ಚಾಗಿ ಈ ಜಾತಿಯೇ, ಬೇಯಿಸಿದ್ರೂ ಆಕಾರ ಗಟ್ಟಿ ನಿಲ್ತದೆ. ಗೊರಟೆ ಸಲೀಸಾಗಿ ಬಿಡುವ ಜಾತಿ ಬೇರೆ ಉಂಟು. 1870ರ ದಶಕದಲ್ಲಿ ಅಮೆರಿಕದ ಜಾರ್ಜಿಯಾದಲ್ಲಿ ಸ್ಯಾಮ್ಯುಯೆಲ್ ರಂಫ್ ಎಂಬವರು ಬೆಳೆಸಿದ ಎಲ್ಬರ್ಟಾ ಅಂಥದ್ದು, ಹೆಂಡತಿಯ ಹೆಸರೇ ಇಟ್ಟದ್ದು. ದೂರದ ಊರಿಗೆ ಕಳಿಸಿದ್ರೂ ಕೆಡದ ಹಣ್ಣು ಅಂತ ಜಾರ್ಜಿಯಾಕ್ಕೆ ಪೀಚ್‌ನ ಹೆಸರು ಬಂದದ್ದರಲ್ಲಿ ಅದರ ಪಾಲು ದೊಡ್ಡದು.

ಹಳೇಟ್ರೇ (10:30)

ಆದ್ರೆ ಇವತ್ತು ಅಮೆರಿಕದಲ್ಲಿ ಅತಿ ಹೆಚ್ಚು ಪೀಚ್ ಬೆಳೆಯೋದು ಜಾರ್ಜಿಯಾ ಅಲ್ಲ, ಕ್ಯಾಲಿಫೋರ್ನಿಯಾ.

ತೆಂಗಿನತೋಪು (10:31)

ಹೌದು, ನಾನು ಹೆಸರಿನ ಮಾತು ಹೇಳಿದ್ದು.

ಮೂರನೇಕಪ್ (10:50)

ಗೊರಟೆ ಒಡೆದು ಒಳಗಿನ ಬೀಜ ಜಜ್ಜಿ ಹಾಕಿದ್ರೆ ಬಾದಾಮಿ ಘಮ ಬರುತ್ತಂತೆ. ಯಾರಾದ್ರೂ ಹಾಕಿದ್ದೀರಾ?

ಅಳತೆಪಟ್ಟಿ (10:58)

ದಯವಿಟ್ಟು ಹಾಕಬೇಡಿ. ಆ ಬೀಜದಲ್ಲಿ ಅಮಿಗ್ಡಲಿನ್ ಅನ್ನೋ ವಸ್ತು ಇದೆ. ಜಜ್ಜಿ ತಿಂದ್ರೆ ಹೊಟ್ಟೆಯಲ್ಲಿ ಅದರಿಂದ ಸಯನೈಡ್ ಬಿಡುಗಡೆ ಆಗುತ್ತೆ. ಮನೆಯಲ್ಲಿ ಎಷ್ಟು ಹಾಕಿದ್ರೆ ಕ್ಷೇಮ ಅಂತ ಅಳೆಯೋ ದಾರಿ ಇಲ್ಲ. ಚಿಕ್ಕ ಮಕ್ಕಳಿರೋ ಮನೆಯಲ್ಲಂತೂ ಗೊರಟೆ ಒಡೆದು ಇಡಲೇಬೇಡಿ. ಆ ಘಮ ಬೇಕಾದ್ರೆ ಬಾದಾಮಿ ಎಸೆನ್ಸ್ ಎರಡು ಹನಿ ಸಾಕು.

ಮೂರನೇಕಪ್ (11:00)

ಒಳ್ಳೇದಾಯ್ತು ಕೇಳಿದ್ದು. ಒಡೆಯೋಕೆ ಎತ್ತಿಟ್ಟಿದ್ದೆ, ಎಲ್ಲ ಕಸಕ್ಕೆ ಹಾಕಿದೆ.

ನೇರಳೆ (11:20)

ಸಿಪ್ಪೆ ತೆಗೀಬೇಕಾ?

ಸೌಟು (11:23)

ತೆಗೀಲೇಬೇಕು. ಬೆಂದ ಮೇಲೆ ಸಿಪ್ಪೆ ಸುರುಳಿ ಸುತ್ಕೊಂಡು ಹಲ್ಲಿಗೆ ಪ್ಲಾಸ್ಟಿಕ್ ಕಾಗದ ಸಿಕ್ಕಿದ ಹಾಗಿರುತ್ತೆ.

ಬಯಲುಗಾಳಿ (11:27)

ನಾ ತೆಗಿಯೂದಿಲ್ರಿ. ತೆಳುವಾಗಿ ಹೆಚ್ಚಿದ್ರ ಗೊತ್ತೂ ಆಗೂದಿಲ್ಲ, ರಸಕ್ಕ ಗುಲಾಬಿ ಬಣ್ಣಾನೂ ಬರ್ತೈತಿ. ಮ್ಯಾಲಿನ ತುಪ್ಪಳ ಹೋಗೂಹಂಗ ತಿಕ್ಕಿ ತೊಳೀಬೇಕಷ್ಟ.

ಸೌಟು (11:30)

ಇಬ್ಬನಿಯವರ ಅತ್ತೆಗೆ ಹಲ್ಲಿನ ತೊಂದರೆ ಅಂತ ಮೊದಲೇ ಹೇಳಿದ್ದಾರಲ್ಲ. ಅವರಿಗೆ ಸಿಪ್ಪೆ ಬೇಡವೇ ಬೇಡ.

ಬಯಲುಗಾಳಿ (11:33)

ಅದು ಖರೇ. ಅವರ ಸಲುವಾಗಿ ತೆಗೀರಿ.

ಕಡೆಗೋಲು (11:40)

ಸುಲಿಯೋ ಬಗೆ: ಹಣ್ಣಿನ ಬುಡದಲ್ಲಿ ಚಾಕುವಿನ ತುದಿಯಿಂದ ಅಡ್ಡಉದ್ದ ಗೀರು ಹಾಕಿ. ಕುದಿಯೋ ನೀರಿಗೆ ಬಿಟ್ಟು 30 ಸೆಕೆಂಡು, ಹಣ್ಣು ಗಟ್ಟಿ ಇದ್ರೆ 60. ತೆಗೆದು ಐಸ್ ನೀರಿಗೆ. ಗೀರಿನ ಹತ್ತಿರ ಸಿಪ್ಪೆ ತಾನೇ ಮೇಲೇಳುತ್ತೆ, ಹೆಬ್ಬೆರಳಿನಿಂದ ತಳ್ಳಿದ್ರೆ ಕೈಗವಸು ಕಳಚಿದ ಹಾಗೆ ಬರುತ್ತೆ. ಎರಡು ನಿಮಿಷ ಬಿಟ್ರೋ, ಹೊರಗಿನ ಪದರ ಬೆಂದು ಕೈಯಲ್ಲಿ ಜಾರುತ್ತೆ. ಕಾಯಿ ಹಣ್ಣಿಗೆ ಈ ಉಪಾಯ ನಡೆಯಲ್ಲ, ಪೀಲರ್ ತಗೊಳ್ಳಿ.

ಹಳೇಟ್ರೇ (12:15)

ಡಬ್ಬಿ ಹಣ್ಣಿನ ಬಗ್ಗೆ ಯಾರೂ ಮಾತೇ ಎತ್ತಲಿಲ್ಲ. ಹಣ್ಣಿನ ಕಾಲ ಅಲ್ಲದಾಗ ನಾನು ಅದನ್ನೇ ಬಳಸೋದು. ಡಬ್ಬಿ ಹಣ್ಣು ಅಂದ್ರೆ ಮೂಗು ಮುರಿಯೋರಿದ್ದಾರೆ, ನನಗೆ ಅದು ಅನ್ಯಾಯ ಅನಿಸುತ್ತೆ. ಸಿಪ್ಪೆ ಸುಲಿದು, ಹದವಾಗಿ ಬೇಯಿಸಿ ಕೊಟ್ಟಿರ್ತಾರೆ. ಪಾಕ ಪೂರ್ತಿ ಬಸಿದು, ಪಾಕವಿಧಾನದ ಸಕ್ಕರೆಯಲ್ಲಿ ಅರ್ಧಕ್ಕರ್ಧ ಕಮ್ಮಿ ಮಾಡಿದ್ರೆ ಆಯ್ತು. ನಿಂಬೆರಸ ಮಾತ್ರ ಮರೀಬಾರದು, ಬರೀ ಸಿಹಿ ಹೊಡೆಯುತ್ತೆ. ಫ್ರೀಜರ್ ಹಣ್ಣಾದ್ರೆ ಪೂರ್ತಿ ಕರಗಿಸಿ, ಬಿಟ್ಟ ನೀರು ಬಸಿದು ಆಮೇಲೆ ಹಾಕಿ. ಮಂಜುಗಡ್ಡೆ ಸಮೇತ ಹಾಕಿದ್ರೆ ಓವನ್ ಅರ್ಧ ಹೊತ್ತು ಮಂಜು ಕರಗಿಸೋಕೇ ಕಳೆಯುತ್ತೆ, ಮೇಲಿನ ಹಿಟ್ಟು ಕಾದು ಕೂರಲ್ಲ.

ಸೌಟು (12:40)

ನಾನು ಮೊದಲೇ ಹೇಳಬೇಕಿತ್ತು, ಬೆಂದಿದೆಯಾ ಅಂತ ನೋಡೋದು ಹೇಗೆ. ಅಂಚಲ್ಲಿ ಗುಳ್ಳೆ ಬಂದ್ರೆ ಸಾಲದು. ಟ್ರೇ ನಟ್ಟನಡುವೆ ಗುಳ್ಳೆ ಬರಬೇಕು. ಮೊದಲು ಬರೋ ಗುಳ್ಳೆ ಸಣ್ಣವು, ಬೇಗ ಬೇಗ ಒಡೀತವೆ, ಅದು ಬರೀ ನೀರಿನ ಕುದಿ. ಆಮೇಲಿನವು ದೊಡ್ಡವು, ನಿಧಾನ, ಪ್ಳಕ್ ಅಂತ ಒಡೆದು ಸುತ್ತ ಉಂಗುರದ ಗುರುತು ಬಿಡ್ತವೆ. ಕಾರ್ನ್‌ಫ್ಲೋರ್ ಹಾಕಿದ ಹಣ್ಣು ಹಿಡಿದುಕೊಂಡಿದೆ ಅನ್ನೋದಕ್ಕೆ ಅದೇ ಗುರುತು. ಅಷ್ಟು ಬಿಸಿ ಆಗದೆ ಕಾರ್ನ್‌ಫ್ಲೋರ್ ಪೂರ್ತಿ ಗಟ್ಟಿಯಾಗಲ್ಲ.

ಸುರಿಯೋ ಬಗೆಯಲ್ಲಿ ಮಧ್ಯದ ಹಿಟ್ಟಿಗೆ ಟೂತ್‌ಪಿಕ್ ಚುಚ್ಚಿ. ಹಣ್ಣಿನ ರಸ ಅಂಟಿದ್ರೆ ಪರವಾಗಿಲ್ಲ, ಹಿಟ್ಟು ಅಂಟಬಾರದು. ಥರ್ಮಾಮೀಟರ್ ಇದ್ರೆ ಹಿಟ್ಟಿನ ಒಳಗೆ 95 ಡಿಗ್ರಿ. ಮೇಲೆ ಬೇಗ ಕೆಂಪಾದ್ರೆ ಫಾಯಿಲ್ ಸಡಿಲವಾಗಿ ಹೊದಿಸಿ ಒಳಗೇ ಬಿಡಿ, ಹೊರಗೆ ತೆಗೀಬೇಡಿ.

ಕಡೆಗೋಲು (12:48)

ತೆಗೆದ ಮೇಲೆ ಅರ್ಧ ಗಂಟೆ ಮುಟ್ಟಬಾರದು ಅನ್ನೋದನ್ನೂ ಸೇರಿಸಿ. ಬಿಸಿ ಇಳಿದ ಹಾಗೆ ರಸ ಗಟ್ಟಿಯಾಗೋದು. ಓವನ್‌ನಿಂದ ತೆಗೆದ ತಕ್ಷಣ ಚಮಚ ಹಾಕಿದ್ರೆ ಎಂಥ ಕಾಬ್ಲರ್ ಆದ್ರೂ ನೀರಾಗಿಯೇ ಕಾಣುತ್ತೆ. ಇಬ್ಬನಿಯವರೇ, ನೀವು ಎಷ್ಟು ಹೊತ್ತು ಬಿಟ್ರಿ?

ಇಬ್ಬನಿ (1:05)

ಬಿಡಲೇ ಇಲ್ಲ. ಬಿಸಿಬಿಸಿ ಕೊಡೋಣ ಅಂತ.

ಇನ್ನೊಂದು ಕೇಳ್ತೀನಿ. ಸುರಿಯೋ ಬಗೆಗೂ ಕಾರ್ನ್‌ಫ್ಲೋರ್ ಹಾಕಬೇಕಾ?

ಅಳತೆಪಟ್ಟಿ (1:20)

ಬೇಡ. ಅದರಲ್ಲಿ ಹಿಟ್ಟೇ ರಸ ಹೀರ್ಕೊಳ್ಳುತ್ತೆ, ಅಳತೆ ಸರಿ ಇದ್ರೆ. ಕಾರ್ನ್‌ಫ್ಲೋರ್ ಬಿಸ್ಕೆಟ್ ಬಗೆಗೆ. ಅಲ್ಲಿ ಹಣ್ಣು ಕೆಳಗೆ ಒಂದೇ ಇರುತ್ತೆ, ಅದನ್ನ ಹಿಡಿಯೋರು ಬೇರೆ ಯಾರೂ ಇಲ್ಲ.

ಹಣ್ಣಿಗೆ ಸಕ್ಕರೆ ಹಾಕಿ ಒಲೆ ಮೇಲೆ ಐದು ನಿಮಿಷ ಕುದಿಸಿ, ಬಿಸಿ ಇರೋವಾಗಲೇ ಹಿಟ್ಟಿನ ಮೇಲೆ ಚಮಚದಿಂದ ಹಾಕಿ. ರಾತ್ರಿಪಾಳಿ ಹೇಳಿದ ಬಿಸಿ ಹಣ್ಣಿನ ಮಾತು ಇಲ್ಲೂ ಸರಿ. ಹಾಕಿದ ಮೇಲೆ ಕಲಕಬೇಡಿ. ಬೆಣ್ಣೆ, ಹಿಟ್ಟು, ಹಣ್ಣು ಒಂದಾದ್ರೆ ಅಂಚಿನ ಗರಿಗರಿ ಬರಲ್ಲ.

ರಾತ್ರಿಪಾಳಿ (1:31)

ಇಬ್ಬನಿಯವರೇ, ಬಿಸ್ಕೆಟ್ ಬಗೆ ಒಂದು ಸಲ ಮಾಡಿ ನೋಡಿ. ನಿಮ್ಮ ಮನೆಯವರಿಗೆ ಹಣ್ಣು ಇಷ್ಟ ಅಂದ್ರಲ್ಲ, ಅದಕ್ಕೆ ಇದೇ ತಕ್ಕದ್ದು.

ತೆಂಗಿನತೋಪು (1:40)

ಅವರ ಅತ್ತೆಗೆ ಹಲ್ಲಿಲ್ಲ ಮಾರಾಯ್ರೆ. ಬಿಸ್ಕೆಟ್‌ನ ಮೇಲೆ ಗಟ್ಟಿ ಆಗ್ತದಲ್ಲ? ಅವರಿಗೆ ಸುರಿಯುವ ಬಗೆಯೇ ಮೆತ್ತಗೆ, ಚಮಚದಲ್ಲಿ ತಿನ್ಲಿಕ್ಕೆ ಬರ್ತದೆ.

ರಾತ್ರಿಪಾಳಿ (1:46)

ಅದನ್ನ ಯೋಚಿಸಿರಲಿಲ್ಲ. ಅತ್ತೆಯವರಿಗೆ ಅದೇ ಸರಿ. ಆದ್ರೆ ಅಂಚು ಬಿಟ್ಟು ಮಧ್ಯದ ಭಾಗ ಕೊಡಿ, ಅಂಚು ಗಟ್ಟಿ ಇರುತ್ತೆ.

ನೇರಳೆ (ಸೋಮವಾರ, ಸಂಜೆ 6:10)

ನಾನು ನೆಕ್ಟರಿನ್‌ನಲ್ಲಿ (ತುಪ್ಪಳ ಇಲ್ಲದ ಪೀಚ್) ಬಿಸ್ಕೆಟ್ ಬಗೆ ಮಾಡಿದೆ, ಸಿಪ್ಪೆ ಸುಲಿಯದೆ. ಮೊದಲ ಸಲಕ್ಕೇ ಚೆನ್ನಾಗಿ ಬಂತು! ಚಕ್ಕೆ ಪುಡಿ ಒಂದು ಟೀ ಚಮಚ ಹಾಕಿದ್ದು ಜಾಸ್ತಿ ಆಯ್ತು, ಹಣ್ಣಿನ ರುಚಿಯೇ ಮುಚ್ಚಿ ಹೋಯ್ತು.

ಬಯಲುಗಾಳಿ (6:25)

ಶಭಾಷ್ ತಂಗಿ. ಚಕ್ಕಿ ಕಾಲು ಚಮಚ ಸಾಕವ್ವ. ಜಾಯಿಕಾಯಿ ಆದ್ರ ಎರಡು ಸಲ ತುರಿದ್ರ ಸಾಕು.

ಇಬ್ಬನಿ (ಮಂಗಳವಾರ, ರಾತ್ರಿ 8:50)

ಮಾಡಿದೆ. ಸುರಿಯೋ ಬಗೆಯೇ. ಅದೇ ಟ್ರೇ, ಅದೇ ಹಿಟ್ಟು. ಹಣ್ಣು ಈ ಸಲ ತೂಗಿದೆ, ಸುಲಿದು ಹೆಚ್ಚಿದ್ದು 340 ಗ್ರಾಂ. ಟ್ರೇಯಲ್ಲಿ ನೋಡಿದಾಗ ತೀರಾ ಕಮ್ಮಿ ಅನಿಸಿ ಕೈ ಇನ್ನೊಂದು ಹಣ್ಣಿನ ಕಡೆ ಹೋಗಿತ್ತು, ತಡೆದುಕೊಂಡೆ. ಹಾಲು ಹೊರಗಿಟ್ಟಿದ್ದೆ. ಸಕ್ಕರೆಯಲ್ಲಿ ಕಾಲು ಕಪ್ ತೆಗೆದು ಹಣ್ಣಿಗೆ ಹಾಕಿ ಐದು ನಿಮಿಷ ಕುದಿಸಿದೆ, ಕೊನೆಗೆ ನಿಂಬೆರಸ.

ಓವನ್ ಬಾಗಿಲ ಮುಂದೆಯೇ ಕೂತು ನೋಡಿದೆ. 15 ನಿಮಿಷಕ್ಕೆ ಹಿಟ್ಟು ಹೋಳುಗಳ ಪಕ್ಕದಿಂದ ಉಬ್ಬಿ ಮೇಲೆ ಬಂದು, ಹೋಳು ಒಂದೊಂದಾಗಿ ಒಳಗೆ ಇಳಿದವು. ಅಳತೆಪಟ್ಟಿ ಅವರು ಬರೆದಿದ್ದು ಕಣ್ಣ ಮುಂದೆಯೇ ಆಯ್ತು. 32 ನಿಮಿಷಕ್ಕೆ ಕೆಂಪಾಯ್ತು, ಫಾಯಿಲ್ ಹೊದಿಸಿದೆ. 50ಕ್ಕೆ ಟೂತ್‌ಪಿಕ್ ಚುಚ್ಚಿದ್ರೆ ಸ್ವಲ್ಪ ಹಿಟ್ಟು ಅಂಟಿತು. 56ಕ್ಕೆ ತೆಗೆದೆ. ಅರ್ಧ ಗಂಟೆ ಹೇಗೋ ಕಾದೆ.

ಚಮಚ ಹಾಕಿ ಎತ್ತಿದ ಜಾಗಕ್ಕೆ ಈ ಸಲ ರಸ ಓಡಿ ಬರಲಿಲ್ಲ. ಅಂಚಲ್ಲೇ ನಿಂತಿತ್ತು, ಜೇನಿನ ಹಾಗೆ. ಅತ್ತೆಗೆ ಮಧ್ಯದ ಭಾಗ ಕೊಟ್ಟೆ. ಹಿಟ್ಟು ಸರಿಸಲಿಲ್ಲ, ಬಟ್ಟಲು ಖಾಲಿ ಮಾಡಿದ್ರು. ನಮ್ಮನೆಯವರು ಹಣ್ಣು ಸಾಲದು ಅಂತ ತಕರಾರು ತೆಗೆದಿದ್ದಾರೆ, ಅವರಿಗೆ ಭಾನುವಾರ ರಾತ್ರಿಪಾಳಿ ಅವರ ಬಗೆ.

ಮಿಕ್ಕಿದ್ದನ್ನ ನಾಳೆ ಬಿಸಿ ಮಾಡೋದು ಹೇಗೆ? ಮೈಕ್ರೋವೇವ್ ಆಗುತ್ತಾ?

ಸೌಟು (9:01)

56 ನಿಮಿಷ! ನಾನು ಮೊದಲ ದಿನವೇ ಹೇಳಿದ್ದೆ.

ಹಳೇಟ್ರೇ (9:08)

ಆರಿದ ಮೇಲೆ ಮುಚ್ಚಿ ಫ್ರಿಜ್‌ಗೆ ಇಡಿ, ಮೂರು ದಿನ ಇರುತ್ತೆ. ನಿಮಗೆ ಬೇಕಾದ್ರೆ 170 ಡಿಗ್ರಿ ಓವನ್, ಫಾಯಿಲ್ ಮುಚ್ಚಿ 15 ನಿಮಿಷ, ಕೊನೇ ಐದು ನಿಮಿಷ ತೆರೆದು. ಅಂಚು ಮತ್ತೆ ಗರಿಗರಿ ಆಗುತ್ತೆ. ಗಾಜಿನ ಟ್ರೇನ ಫ್ರಿಜ್‌ನಿಂದ ನೇರ ಬಿಸಿ ಓವನ್‌ಗೆ ಹಾಕಬೇಡಿ, ಬೇರೆ ಪಾತ್ರೆಗೆ ತೆಗೆದುಕೊಳ್ಳಿ. ಮೈಕ್ರೋವೇವ್‌ನಲ್ಲಿ ಹಿಟ್ಟು ಮೆತ್ತಗಾಗಿ ಬಿಡುತ್ತೆ.

ಇಬ್ಬನಿ (9:15)

ಹಾಗಾದ್ರೆ ಅತ್ತೆಯ ಬಟ್ಟಲು ಮೈಕ್ರೋವೇವ್‌ಗೆ, ನಮ್ಮದು ಓವನ್‌ಗೆ.